ತೋಟದ ಬದಿಯ ಕೋಣೆ

"ಕೈ ಕೊಡಿ ಸಿನ್ಯೋರಾ, ಮೆಟ್ಟಿಲು ಜಾರುತ್ತೆ."

ಆ ದನಿ ಕಿವಿಗೆ ಬಿದ್ದದ್ದೇ ತಡ, ದೋಣಿಯಿಂದ ಇಳಿಯಲು ಒಂದು ಕಾಲು ಮುಂದಿಟ್ಟಿದ್ದ ಲೊರೆದಾನಾ ಅಲ್ಲೇ ನಿಂತುಬಿಟ್ಟಳು. ತಲೆಯೆತ್ತಿ ನೋಡಿದಳು. ಕಡುನೀಲಿ ಕೋಟು, ಎದೆಯ ಮೇಲೆ ಹೋಟೆಲಿನ ಹಿತ್ತಾಳೆ ಬಿಲ್ಲೆ, ಮುಂದೆ ಚಾಚಿದ ಕೈ...

ಆಲ್ವೀಸೆ!

ನಾಲ್ಕು ವರ್ಷ. ಈ ಮುಖ ಎದುರಾಗಬಾರದೆಂದು ಎಷ್ಟು ಓಣಿಗಳನ್ನು ಬಳಸಿಕೊಂಡು ನಡೆದಿದ್ದಳು! ವೆನಿಸ್‌ನಂಥ ಪುಟ್ಟ ಊರಿನಲ್ಲಿ ತಪ್ಪಿಸಿಕೊಂಡವಳು ಕೊನೆಗೆ ಈ ದ್ವೀಪಕ್ಕೆ ಬಂದು ಸಿಕ್ಕಿಬೀಳಬೇಕೇ?

"ಬೇಡ. ನನಗೆ ಇಳಿಯೋಕೆ ಬರುತ್ತೆ."

ಹೇಳಿ ಮುಗಿಸುವಷ್ಟರಲ್ಲಿ ಕಾಲು ಜಾರಿತು. ಅವನು ಚಕ್ಕನೆ ಅವಳ ಮೊಣಕೈ ಹಿಡಿದ. ಒಂದೇ ಕ್ಷಣ. ಅಷ್ಟಕ್ಕೇ ಅವಳ ಕಿವಿಯವರೆಗೂ ಬಿಸಿಯೇರಿತು.

"ಬಿಡಿ ಅಂದೆ!"

"ಬಿಟ್ಟಿದ್ರೆ ನೀರಲ್ಲಿರ್ತಿದ್ರಿ," ಎಂದ ಅವನು ಮೆಲ್ಲಗೆ.

ಹಿಂದಿನಿಂದ ನೋರ್ಮಾ ಚಿಕ್ಕಮ್ಮ ತಮ್ಮ ದಪ್ಪ ಕೈಯನ್ನು ಅವನತ್ತ ಚಾಚಿದರು. "ನನ್ನನ್ನ ಹಿಡ್ಕೋ ಮಗಾ. ನನಗೆ ಅಷ್ಟೆಲ್ಲಾ ಬಿಗುಮಾನ ಇಲ್ಲ."

ಹೆತ್ತವರಿಲ್ಲದ ಲೊರೆದಾನಾಳನ್ನು ಸಾಕಿ ಬೆಳೆಸಿದವರು ಈ ಚಿಕ್ಕಮ್ಮ. ಸಾನ್ ಬೊರ್ತೊಲೊ ದ್ವೀಪದಲ್ಲಿ ಹಿಂದೆ ಇದ್ದದ್ದು ಕ್ಷಯರೋಗಿಗಳ ಆಸ್ಪತ್ರೆ. ಅದು ಮುಚ್ಚುವವರೆಗೂ ಮೂವತ್ತು ವರ್ಷ ಅಲ್ಲಿನ ಬಟ್ಟೆ ಒಗೆದವರೂ ಅವರೇ. ಈಗ ಅದೇ ಕಟ್ಟಡ ದೊಡ್ಡವರು ಬಂದು ಇಳಿಯುವ ಹೋಟೆಲು. "ಒಂದೇ ಒಂದು ಸಲ ಅಲ್ಲಿ ಬೇರೆಯವರು ಒಗೆದ ಹಾಸಿನ ಮೇಲೆ ಮಲಗಬೇಕು ಕಣೇ," ಎಂದು ಚಿಕ್ಕಮ್ಮ ಹೇಳುತ್ತಲೇ ಇದ್ದರು. ಅವರಿಗೆ ಎಪ್ಪತ್ತೈದು ತುಂಬುವ ಈ ನವೆಂಬರಿಗೆಂದು, ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದ ಲೊರೆದಾನಾ ಎರಡು ವರ್ಷ ರಜೆಗೆ ಎಲ್ಲಿಗೂ ಹೋಗದೆ ದುಡ್ಡು ಕೂಡಿಟ್ಟಿದ್ದಳು. ಮೂರನೇ ಮಹಡಿ, ನೀರಿನ ಕಡೆ ಬಾಲ್ಕನಿ, ಎದುರಿಗೆ ಸಾನ್ ಮಾರ್ಕೊದ ಗಂಟೆಗೋಪುರ... ಎಲ್ಲವನ್ನೂ ತಾನೇ ಆರಿಸಿದ್ದಳು.

ಆದರೆ ಆಲ್ವೀಸೆ ಕೀಲಿ ಕೊಟ್ಟದ್ದು ನೆಲಮಹಡಿಯ ಕೋಣೆಗೆ!

ಕಿಟಕಿ ತೆರೆದರೆ ಒಂದು ದಾಳಿಂಬೆ ಗಿಡ, ಅದರಾಚೆ ಇಟ್ಟಿಗೆ ಗೋಡೆ. ಅಷ್ಟೇ.

ಲೊರೆದಾನಾ ಬಿರುಗಾಳಿಯಂತೆ ಸ್ವಾಗತದ ಮೇಜಿಗೆ ಹೋದಳು. "ನಾನು ಕೇಳಿದ್ದು ನೀರಿನ ಕಡೆಯ ಕೋಣೆ!"

"ಗೊತ್ತು."

"ಗೊತ್ತಿದ್ದೂ ಬದಲಾಯಿಸಿದ್ದು ಯಾರು?"

"ನಾನೇ."

"ಯಾಕೆ?"

"ಈಗ ಹೇಳೋಕಾಗಲ್ಲ. ದಯವಿಟ್ಟು ಒಂದು ರಾತ್ರಿ ಇದ್ದು ನೋಡಿ..."

ಓಹೋ, ಸೇಡು! ಉಂಗುರ ವಾಪಸ್ ಕೊಟ್ಟವಳಿಗೆ ಗೋಡೆ ತೋರಿಸ್ತಿದ್ದಾನೆ!

ಆಮೇಲಿನದೆಲ್ಲ ಅಡ್ಡಡ್ಡವೇ. ಸ್ನಾನದ ನೀರು ಬಿಸಿಯಾಗಲಿಲ್ಲ. ಊಟದ ಮೇಜು ಅಡುಗೆಮನೆಯ ಬಾಗಿಲ ಬಳಿ ಸಿಕ್ಕಿತು. ಸಂಜೆ ನಾಲ್ಕಕ್ಕೆಲ್ಲ ಮಂಜು ಕವಿದು, ಊರಿಗೆ ಹೋಗುವ ದೋಣಿಗಳು ನಿಂತುಹೋದವು. ವಾಪಸ್ ಹೋಗೋಣವೆಂದರೆ ಆ ದಾರಿಯೂ ಇಲ್ಲ. ಕಷ್ಟಪಟ್ಟು ಕೊಂಡ ಸುಖ ಹೀಗೆ ಕಣ್ಣೆದುರೇ ಹಾಳಾಗುತ್ತಿದ್ದರೆ, ಚಿಕ್ಕಮ್ಮ ಮಾತ್ರ ಹಾಸಿನ ಅಂಚನ್ನು ಬೆರಳಲ್ಲಿ ತಿಕ್ಕಿ ನೋಡುತ್ತ, "ಗಂಜಿ ಸ್ವಲ್ಪ ಜಾಸ್ತಿಯಾಯ್ತು," ಎಂದು ನಗುತ್ತಿದ್ದರು. ಆ ನಗು ಕಂಡು ಲೊರೆದಾನಾಳಿಗೆ ಇನ್ನಷ್ಟು ರೇಗಿತು. ಪಾಪ, ನನ್ನ ಮನಸ್ಸು ನೋಯಬಾರದೂಂತ ನಗ್ತಿದ್ದಾರೆ!

ಮರುದಿನ ಬೆಳಿಗ್ಗೆ ಹೋಟೆಲಿನ ಮುಖ್ಯಸ್ಥೆ ಸಿನ್ಯೋರಾ ಫಾವರೆತ್ತೊ ಅವರ ಮುಂದೆ ಎರಡು ಪುಟದ ದೂರು ಇಟ್ಟಳು. ಆಲ್ವೀಸೆಯ ಹೆಸರಿನ ಕೆಳಗೆ ಎರಡೆರಡು ಗೆರೆ ಎಳೆದಿದ್ದಳು.

ಫಾವರೆತ್ತೊ ಓದಿ ಕನ್ನಡಕ ತೆಗೆದರು. "ಅತಿಥಿಯನ್ನ ಕೇಳದೆ ಕೋಣೆ ಬದಲಾಯಿಸಿದ್ದು ನಿಜವಾದ್ರೆ ಅವನನ್ನ ಇವತ್ತೇ ಕಳಿಸ್ತೀನಿ."

ಗೆದ್ದಂತಾಗಬೇಕಿತ್ತು. ಆಗಲಿಲ್ಲ.

ಕೋಣೆಗೆ ಬಂದು ಹೇಳಿದಳು. "ಮೇಲಿನ ಕೋಣೆ ಸಿಗುತ್ತಂತೆ ಚಿಕ್ಕಮ್ಮಾ. ಅವನನ್ನ ಕೆಲಸದಿಂದ ತೆಗೀತಾರಂತೆ."

ಚಿಕ್ಕಮ್ಮನ ಕೈಯಲ್ಲಿದ್ದ ಕಾಫಿ ಬಟ್ಟಲು ತಟ್ಟೆಯ ಮೇಲೆ ಠಕ್ಕೆಂದಿತು.

"ಅಯ್ಯೋ ಹುಚ್ಚು ಹುಡುಗೀ! ಈ ಕೋಣೆ ಕೇಳಿದ್ದು ನಾನು ಕಣೇ!"

"ಏನು?"

"ನಾನೇ ಫೋನ್ ಮಾಡಿದ್ದೆ. ಇದು ನಮ್ಮ ಇಸ್ತ್ರಿ ಕೋಣೆ. ಆ ಗೋಡೆಯುದ್ದಕ್ಕೂ ನಾವು ಎಂಟು ಜನ ಹೆಂಗಸರು ನಿಂತ್ಕೊಂಡು ಇಸ್ತ್ರಿ ಮಾಡ್ತಿದ್ವಿ. ಜೀನಾ ಅನ್ನೋಳು ಹಾಡೋಳು, ಇಲ್ವಾ ಅನ್ನೋಳು ಬೈಯೋಳು. ಈಗ ಉಳಿದಿರೋಳು ನಾನೊಬ್ಬಳೇ. ನೀನು ಅಷ್ಟು ಆಸೆಯಿಂದ ಬಾಲ್ಕನಿ ಆರಿಸಿದ್ದೆ, ಬೇಡ ಅಂತ ಹೇಗೆ ಹೇಳ್ಲಿ? ನಿನಗೆ ಹೇಳಬೇಡ ಅಂತ ಅವನಿಂದ ಮಾತು ತಗೊಂಡಿದ್ದೆ."

ಲೊರೆದಾನಾ ಹಾಸಿಗೆಯ ಅಂಚಿನಲ್ಲಿ ಕುಸಿದಳು.

"ಅವನು ಮಾತು ಉಳಿಸ್ಕೊಳ್ಳೋನು," ಚಿಕ್ಕಮ್ಮ ದನಿ ತಗ್ಗಿಸಿದರು. "ನಾನೂ ಉಳಿಸ್ಕೊಂಡಿದ್ದೆ. ನಾಲ್ಕು ವರ್ಷ. ಇನ್ನು ಸಾಕು. ಈಗ ನಾವಿರೋ ಜುದೆಕ್ಕಾ ಮನೆ ಇದೆಯಲ್ಲ... ಅದನ್ನ ಹುಡುಕಿಕೊಟ್ಟೋನು ಆಲ್ವೀಸೆ."

ನಾಲ್ಕು ವರ್ಷದ ಹಿಂದಿನ ಆ ದಿನ ಲೊರೆದಾನಾಳ ಕಣ್ಣ ಮುಂದೆ ಬಂತು. ಕನ್ನರೆಜೊದಲ್ಲಿ ಚಿಕ್ಕಮ್ಮ ಬದುಕಿಡೀ ಬಾಡಿಗೆಗಿದ್ದ ಮನೆಯನ್ನು ಪ್ರವಾಸಿಗರ ವಸತಿ ನಡೆಸುವ ಒಂದು ಕಂಪನಿ ಕೊಂಡಿತ್ತು. ಮನೆ ಖಾಲಿ ಮಾಡಿಸಿ ಕೀಲಿ ಪಡೆಯಲು ಕಂಪನಿಯ ಕಡೆಯಿಂದ ಬಂದವನು ಆಲ್ವೀಸೆ! ಅವಳು ಮದುವೆಯಾಗಬೇಕಿದ್ದವನು! ಅವಳು ಒಂದು ಮಾತೂ ಕೇಳದೆ ಬೆರಳಿನ ಉಂಗುರ ಬಿಚ್ಚಿ, ಕೀಲಿಗೊಂಚಲಿನ ಜೊತೆಗೇ ಅವನ ಅಂಗೈಗೆ ಹಾಕಿ ಹೊರಟುಹೋಗಿದ್ದಳು.

"ಮಾರನೇ ದಿನಾನೇ ಆ ಕೆಲಸ ಬಿಟ್ಟ," ಎಂದರು ಚಿಕ್ಕಮ್ಮ. "ಜುದೆಕ್ಕಾ ಮನೆ ಅವನ ಸೋದರಮಾವಂದು. ತನ್ನ ಹೆಸರು ಕೇಳಿದ್ರೆ ನೀನು ಬೀದಿಯಲ್ಲಿ ಮಲಗ್ತೀಯೇ ಹೊರತು ಒಳಗೆ ಕಾಲಿಡಲ್ಲ ಅಂದ. ಸುಳ್ಳಾ?"

ಸುಳ್ಳಾಗಿರಲಿಲ್ಲ. ಅದೇ ಅವಳನ್ನು ಚುಚ್ಚಿದ್ದು.

ಲೊರೆದಾನಾ ಓಡಿದಳು. ಫಾವರೆತ್ತೊ ಅವರ ಮೇಜಿನ ಮೇಲೆ ಆಗಲೇ ಆ ಹಿತ್ತಾಳೆ ಬಿಲ್ಲೆ ಬಿದ್ದಿತ್ತು.

"ಕಾರಣ ಕೇಳಿದೆ, ಬಾಯೇ ಬಿಡಲಿಲ್ಲ," ಎಂದರು ಅವರು ಬೇಸರದಿಂದ.

"ತಪ್ಪು ನಂದು! ಕೋಣೆ ಕೇಳಿದ್ದು ನಮ್ಮ ಚಿಕ್ಕಮ್ಮ. ಆ ದೂರು ಹರಿದು ಹಾಕಿ ಸಿನ್ಯೋರಾ, ದಯವಿಟ್ಟು!"

ಫಾವರೆತ್ತೊ ಅವಳನ್ನು ಮೇಲಿಂದ ಕೆಳಗೆ ನೋಡಿ, ಬಿಲ್ಲೆಯನ್ನು ಅವಳತ್ತ ತಳ್ಳಿದರು. "ಹಾಗಾದ್ರೆ ನೀವೇ ಹೋಗಿ ಕರ್ಕೊಂಡು ಬನ್ನಿ. ಈ ಮಂಜಲ್ಲಿ ಎಲ್ಲಿಗೆ ಹೋಗಿರ್ತಾನೆ?"

ದೋಣಿಕಟ್ಟೆಯ ಕೊನೆಯಲ್ಲಿ ಅವನು ಚೀಲದ ಪಕ್ಕ ಕುಳಿತಿದ್ದ. ಎರಡು ಮಾರು ಆಚೆ ನೀರೂ ಕಾಣುತ್ತಿರಲಿಲ್ಲ.

ಕ್ಷಮೆ ಕೇಳಬೇಕೆಂದೇ ಬಂದಿದ್ದಳು. ಬಾಯಿಂದ ಬಂದದ್ದು ಬೇರೆಯೇ.

"ಹೇಳೋಕೆ ಏನಾಗಿತ್ತು ನಿನಗೆ?"

ಅವನು ತಿರುಗಿದ. 'ನೀವು' ಹೋಗಿ 'ನೀನು' ಬಂದದ್ದು ಅವನಿಗೂ ಗೊತ್ತಾಯಿತು.

"ಚಿಕ್ಕಮ್ಮ ಹೇಳಿದ್ರಾ?"

"ಎಲ್ಲಾ ಹೇಳಿದ್ರು. ನಾಲ್ಕು ವರ್ಷ ನೀವಿಬ್ರೂ ಸೇರ್ಕೊಂಡು ನನ್ನನ್ನ ಮೂರ್ಖಳನ್ನ ಮಾಡಿದ್ರಿ! ನಾನು ಯಾವ ಮನೇಲಿರ್ಬೇಕು, ಏನು ತಿಳ್ಕೋಬೇಕು, ಎಲ್ಲಾ ನೀವೇ ತೀರ್ಮಾನ ಮಾಡಿದ್ರಿ. ನಾನು ಮಾತ್ರ ದಿನಾ ನಿನ್ನನ್ನ ಬೈಕೊಂಡು, ನಿನ್ನ ಸೋದರಮಾವನ ಮನೇಲೇ ಅಡುಗೆ ಮಾಡ್ಕೊಂಡು... ಛೇ!"

ಅವಳು ಮಂಜಿನತ್ತ ಮುಖ ತಿರುಗಿಸಿದಳು.

"ಮನೆ ಹುಡುಕಿದ್ದಕ್ಕೆ ನನ್ನನ್ನ ದೊಡ್ಡ ಮನುಷ್ಯ ಮಾಡ್ಬೇಡ ಲೋರೆ," ಎಂದ ಅವನು. "ನಿನ್ನ ಕೋಪ ತಪ್ಪಲ್ಲ. ಕಂಪನಿ ಆ ಮನೆ ತಗೊಳ್ಳುತ್ತೆ ಅಂತ ನನಗೆ ಮೂರು ವಾರ ಮುಂಚೇನೇ ಗೊತ್ತಿತ್ತು. ಹೇಳ್ಲಿಲ್ಲ. ಹೇಗಾದ್ರೂ ನಿಲ್ಲಿಸ್ತೀನಿ ಅಂದ್ಕೊಂಡೆ, ಆಗ್ಲಿಲ್ಲ. ಆಮೇಲೆ ನಿನ್ನ ಮುಖ ನೋಡೋಕೆ ಹೆದರಿದೆ. ನಿನ್ನ ಜೊತೆ ಕೂತು ಊಟ ಮಾಡ್ತಿದ್ದೆ, ನಗ್ತಿದ್ದೆ... ಹೇಳ್ಲಿಲ್ಲ."

ಈ ಮಾತನ್ನು ಕೇಳಲು ಅವಳು ನಾಲ್ಕು ವರ್ಷ ಕಾದಿದ್ದಳು. ಕಾಯುತ್ತಿದ್ದೇನೆಂದು ಅವಳಿಗೇ ತಿಳಿದಿರಲಿಲ್ಲ. ಅವಳೂ ಒಂದು ಮಾತು ಕೇಳದೆ ಹೊರಟುಹೋಗಿದ್ದಳಲ್ಲವೇ? ಇವತ್ತೂ ಕಾರಣ ತಿಳಿಯುವ ಮೊದಲೇ ದೂರು ಬರೆಯಲಿಲ್ಲವೇ?

ಅವಳು ಅವನ ಪಕ್ಕ ಕಲ್ಲಿನ ಮೇಲೆ ಕುಳಿತಳು. ಮುಷ್ಟಿ ಬಿಚ್ಚಿ ಬಿಲ್ಲೆಯನ್ನು ಅವನ ಕೈಗಿಟ್ಟಳು.

"ದೂರು ವಾಪಸ್ ತಗೊಂಡೆ. ಕಾರಣ ತಿಳ್ಕೊಳ್ಳದೆ ಬರೆದದ್ದು ನನ್ನ ತಪ್ಪು. ಅವತ್ತೂ ಕೇಳ್ಬೇಕಿತ್ತು... ಕೇಳ್ಲಿಲ್ಲ."

"ಈಗ ಕೇಳು."

"ಯಾರನ್ನಾದ್ರೂ ಮದುವೆ ಆದ್ಯಾ?"

"ಇಲ್ಲ."

"ಯಾಕೆ?"

"ಔಷಧಿ ಬೇಕಾದಾಗಲೆಲ್ಲ ನಿಮ್ಮ ಅಂಗಡಿ ಮುಂದೆ ಹಾದುಹೋಗಿ, ನೀನು ಒಳಗಿದ್ದೀಯ ಅಂತ ನೋಡ್ಕೊಂಡು, ಬೇರೆ ಅಂಗಡೀಲಿ ತಗೊಳ್ತಿದ್ದೆ. ಇಂಥೋನನ್ನ ಯಾರು ಮದುವೆ ಆಗ್ತಾರೆ?"

ಅಳು ಬರುತ್ತಿದ್ದವಳಿಗೆ ನಗು ಉಕ್ಕಿತು. ಎರಡೂ ಒಟ್ಟಿಗೆ ಬಂದು ಕೆನ್ನೆಯೆಲ್ಲ ಒದ್ದೆಯಾಯಿತು. ಅವನು ಅಂಜುತ್ತಂಜುತ್ತ ಬೆರಳ ತುದಿಯಿಂದ ಒರೆಸಿದ. ಈ ಸಲ ಅವಳು 'ಬಿಡಿ' ಎನ್ನಲಿಲ್ಲ.

"ನಿನ್ನನ್ನ ಮರೆಯೋಕೆ ಆಗ್ಲೇ ಇಲ್ಲ ಲೋರೆ."

"ನನಗೂ ಆಗ್ಲಿಲ್ಲ. ಅದಕ್ಕೇ ಇಷ್ಟು ಸಿಟ್ಟು!"

"ಇನ್ನೂ ಇದೆಯಾ ಸಿಟ್ಟು?"

"ಹೂಂ. ಬೇಕಾದಷ್ಟಿದೆ."

"ಇಳಿಯೋಕೆ ಎಷ್ಟು ದಿನ ಬೇಕು?"

ಅವಳು ತಲೆಯನ್ನು ಮೆಲ್ಲನೆ ಅವನ ಭುಜಕ್ಕೆ ಒರಗಿಸಿದಳು.

"ನನಗೇನು ಗೊತ್ತು... ಪಕ್ಕದಲ್ಲೇ ಇದ್ದು ನೋಡು."