ಒರೆಸದೆ ಉಳಿದ ಮೂಲೆ

ಬಾಗಿಲು ತೆರೆದ ತಂಗಿ ಚೀರಿದಳು. ಅಕ್ಕ ಚಿತ್ರದ ಬುಡದಲ್ಲೇ ಬಿದ್ದಿದ್ದಳು. ತುಟಿ ನೀಲಿಯಾಗಿತ್ತು. ಮೈ ತಣ್ಣಗಿತ್ತು.

ಮ್ಯೂಸಿಯಂನ ದುರಸ್ತಿ ಕೋಣೆ ಅದು. ಗೋಡೆಗೆ ಒರಗಿಸಿದ್ದ ಹಳೇ ಬಟ್ಟೆಚಿತ್ರದಲ್ಲಿ ಬುದ್ಧ ನೆಲ ಮುಟ್ಟಿ ಕೂತಿದ್ದ. ಸುತ್ತ ಅವನ ತಪಸ್ಸು ಕೆಡಿಸಲು ಬಂದ ಮಾರನ ಸೈನ್ಯ, ಹಲ್ಲು ಕಿರಿಯುವ ದೆವ್ವಗಳು, ಕೈಬೀಸಿ ಕರೆಯುವ ಮಾರನ ಹೆಣ್ಣುಮಕ್ಕಳು. ಅದರ ಕೊಳೆ ಒರೆಸುವುದು ಅಕ್ಕನ ಕೆಲಸ. ಒಂದು ಮೂಲೆ ಮಾತ್ರ ಬಾಕಿಯಿತ್ತು.

ಇನ್‌ಸ್ಪೆಕ್ಟರಮ್ಮನಿಗೆ ಮಾತು ಕಡಿಮೆ, ಸಿಟ್ಟು ಜಾಸ್ತಿ. "ವಿಷ," ಎಂದರು. ಟೀ ಲೋಟ, ನೀರಿನ ಬಾಟಲಿ ಪರೀಕ್ಷೆಗೆ ಹೋದವು. ಟೀ ತಂದವನು ಹಿಂದಿನ ದಿನ ಅಕ್ಕನ ಜೊತೆ ಜಗಳವಾಡಿದ್ದ. ಪಾಪ, ಅವನನ್ನು ಠಾಣೆಯಲ್ಲಿ ಕೂರಿಸಿದರು. ಕೋಣೆಗೆ ಬೀಗ ಬಿತ್ತು.

*

ಲೋಟದಲ್ಲಿ ವಿಷವಿರಲಿಲ್ಲ. ನೀರಿನಲ್ಲೂ ಇರಲಿಲ್ಲ.

ಇನ್‌ಸ್ಪೆಕ್ಟರಮ್ಮ ತಂಗಿಯನ್ನು ಕರೆದುಕೊಂಡು ಬಂದು ಬೀಗ ತೆಗೆದರು. ಅವಳೂ ಅಲ್ಲೇ ಕೆಲಸಕ್ಕಿದ್ದಳು.

"ಅಕ್ಕ ಹೇಗೆ ಒರೆಸ್ತಿದ್ಲು, ತೋರಿಸಮ್ಮಾ."

ತಂಗಿ ಡಬ್ಬಿಯಿಂದ ಹತ್ತಿ ಸುತ್ತಿದ ಕಡ್ಡಿಯೊಂದನ್ನು ತೆಗೆದಳು. ಬಾಯಿಗೆ ಒಯ್ದಳು.

"ಏಯ್, ತಡಿ! ಬಾಯಿಗ್ಯಾಕೆ?" ಇನ್‌ಸ್ಪೆಕ್ಟರಮ್ಮ ಕೈ ಹಿಡಿದೆಳೆದರು.

"ಉಗುಳಲ್ಲಿ ನೆನೆಸ್ಬೇಕು ಮೇಡಂ. ಹಳೇ ಬಣ್ಣಕ್ಕೆ ಅದೇ ಒಳ್ಳೇದು. ನಮ್ಮ ಸಾರೇ ಕಲಿಸಿದ್ದು."

ಇನ್‌ಸ್ಪೆಕ್ಟರಮ್ಮ ಕಡ್ಡಿ ಕಿತ್ತುಕೊಂಡು, ಡಬ್ಬಿಯನ್ನೂ ಪರೀಕ್ಷೆಗೆ ಕಳಿಸಿದರು. ಕಡ್ಡಿ ಇನ್ನೇನು ತಂಗಿಯ ತುಟಿಗೆ ತಾಗುತ್ತಿತ್ತು.

*

ವಿಷವಿದ್ದದ್ದು ಡಬ್ಬಿಯ ಹತ್ತಿಯಲ್ಲೇ. ಇನ್‌ಸ್ಪೆಕ್ಟರಮ್ಮ ಸುದ್ದಿಯನ್ನು ಯಾರಿಗೂ ಹೇಳಲಿಲ್ಲ. ಅಂಥದ್ದೇ ಹೊಸ ಡಬ್ಬಿಯನ್ನು ಮೇಜಿನ ಮೇಲಿಟ್ಟು, ತಂಗಿಯ ಎದುರಿಗೇ ದುರಸ್ತಿ ಕೋಣೆಯ ಮುಖ್ಯಸ್ಥನನ್ನು ಕರೆಸಿದರು. ಅಕ್ಕತಂಗಿಯರು ಸಾರ್ ಎನ್ನುತ್ತಿದ್ದುದು ಅವನನ್ನೇ.

"ಒಂಚೂರು ಒರೆಸಿ ತೋರಿಸಿ ಸಾರ್."

ಮುಖ್ಯಸ್ಥ ಕಡ್ಡಿ ಎತ್ತಿಕೊಂಡ. ಬಾಯಿಗೆ ಒಯ್ಯಲಿಲ್ಲ. ಮೇಜಿನ ಮೇಲಿದ್ದ ಬಟ್ಟಲಿನ ನೀರಿಗೆ ಅದ್ದಿದ.

"ಅಯ್ಯೋ, ನೀರಾ?" ತಂಗಿ ಬೆಚ್ಚಿದಳು. "ನಾವು ನೀರು ಮುಟ್ಟಿಸಿದ್ರೆ ಬೈತಿದ್ರಲ್ಲ ಸಾರ್!"

ಇನ್‌ಸ್ಪೆಕ್ಟರಮ್ಮ ಒಂದು ಕಡ್ಡಿಯನ್ನು ತಾವೇ ಬಾಯಲ್ಲಿ ನೆನೆಸಿದರು. "ಹೆದರ್ಬೇಡಿ, ಈ ಡಬ್ಬಿ ನಂದು. ಹತ್ತಿಯಲ್ಲಿ ವಿಷ ಇದೆ ಅಂತ ಹಾಕಿದವನಿಗೆ ಮಾತ್ರ ಗೊತ್ತಿತ್ತು." ಬಾಕಿ ಮೂಲೆ ಒರೆಸಿದರು. ಹತ್ತಿಗೆ ಹಸಿರು ಹತ್ತಿತು. "ಹಳೇ ಬಣ್ಣ ಹೀಗೆ ಬಿಡಲ್ಲ, ಇದು ಹೊಸ ಬಣ್ಣ! ಇಲ್ಲಿದ್ದ ಮಾರನ ಮಗಳನ್ನ ಕತ್ತರಿಸಿ ಮಾರಿದ್ದೀರಿ. ನಕಲು ತುಂಡು ಅಂಟಿಸಿದ್ದೀರಿ. ಇವಳ ಅಕ್ಕ ಒರೆಸಿದ್ರೆ ಸಿಕ್ಕಿಬೀಳ್ತಿದ್ರಿ."

ಮುಖ್ಯಸ್ಥ ಕೈಲಿದ್ದ ಕಡ್ಡಿಯನ್ನು ಮೇಜಿನ ಮೇಲಿಟ್ಟ.

"ಮೂಲೆ ಬಿಟ್ಬಿಡು, ನನ್ನ ಕುರ್ಚಿ ನಿನಗೇ ಅಂದೆ. ಒಪ್ಪಲಿಲ್ಲ. ನಿನ್ನನ್ನೇ ಮುಗಿಸಿಬಿಡ್ತೀನಿ ಅಂದೆ. ಅದಕ್ಕೂ ಜಗ್ಗಲಿಲ್ಲ. ಅವಳಿಗೆ ಹೆದರಿಕೆ ಅನ್ನೋದೇ ಇರ್ಲಿಲ್ಲ."

"ಇತ್ತು ಸಾರ್," ಎಂದಳು ತಂಗಿ. "ಯಾಕೆ ಅಂತ ಹೇಳ್ತಿರ್ಲಿಲ್ಲ. ನನ್ನ ಕೈ ಹಿಡ್ಕೊಂಡೇ ಮಲಗ್ತಿದ್ಲು."