ಎಡಗೈಗೊಂದು ಮೌಸ್

"ಎಡಗೈಲಿ ಹಿಡಿಯೋಕೆ ಆಗುವಂಥ ವೈರ್‌ಲೆಸ್ ಮೌಸ್ ಇದ್ಯಾ?"

ಕಂಪ್ಯೂಟರ್ ಅಂಗಡಿಯಲ್ಲಿ ಅವಳು ಇದನ್ನೇ ಕೇಳಬೇಕೆಂದು ಬಾಯಿ ತೆರೆದಿದ್ದಳು. ಆದರೆ ಕೇಳಿದ್ದು ಪಕ್ಕದಲ್ಲಿ ನಿಂತಿದ್ದವನು!

ಆ ದನಿ... ಅವನೇ! ಮದುವೆ ನಿಶ್ಚಯವಾಗಿದ್ದ ಹುಡುಗ. ಅವನ ಸ್ಕೂಟರ್ ಜಾರಿ ಬಿದ್ದ ದಿನ, ಹಿಂದೆ ಕೂತಿದ್ದ ಅವಳ ಬಲಗೈ ಮುರಿದಿತ್ತು. ಪುಸ್ತಕಗಳಿಗೆ ಮುಖಪುಟ ಮಾಡುವ ಕೈ ಅದು. ಆಸ್ಪತ್ರೆಯಲ್ಲಿ ಒಮ್ಮೆ ಮುಖ ತೋರಿಸಿದವನು ಮತ್ತೆ ಇತ್ತ ಸುಳಿದಿರಲಿಲ್ಲ.

ಕೈ ಕೆಟ್ಟವಳು ಯಾರಿಗೆ ಬೇಕು ಹೇಳಿ! ಅವಳು ಹಾಗೆಂದೇ ನಂಬಿ, ಅತ್ತು ಅತ್ತು, ಕೊನೆಗೆ ಅಳುವುದನ್ನೂ ಬಿಟ್ಟಿದ್ದಳು.

ಬಲಗೈಯನ್ನು ಸ್ವೆಟರ್ ಜೇಬಿನೊಳಗೆ ಇನ್ನಷ್ಟು ತುರುಕಿದಳು.

ಅವನು ತಿರುಗಿದ. ಮುಖ ಬಿಳಿಚಿಕೊಂಡಿತು. "ನೀನು..."

"ನಂಗೂ ಅದೇ ಬೇಕು," ಎಂದಳು. ಅಂಗಡಿಯವರಿಗೆ, ಅವನಿಗಲ್ಲ.

ಅಂಗಡಿಯವರು ಬಾಯಿ ಮುಚ್ಚಿಕೊಂಡಿರುವ ಪೈಕಿ ಅಲ್ಲ. "ಬೆಳಗ್ಗೆಯಿಂದ ನೊಣ ಹೊಡೀತಿದ್ದೆ. ಈಗ ನೋಡಿದ್ರೆ ಇಬ್ಬಿಬ್ಬರು ಎಡಚರು! ಇದು ಬೇಡ, ಬಲಗೈಯವರಿಗೇ ಮಾಡಿದ್ದು. ಈ ಇನ್ನೊಂದು ಎರಡೂ ಕಡೆ ಒಂದೇ ಥರ ಇದೆ, ಹಿಡಿದು ನೋಡಿ. ಲ್ಯಾಪ್‌ಟಾಪ್ ತಂದಿದ್ದೀರಾ?"

ಅವಳು ತಂದಿರಲಿಲ್ಲ. ಅವನು ಚೀಲದಿಂದ ತನ್ನದನ್ನು ತೆಗೆದು ಅವಳ ಮುಂದಿಟ್ಟ.

"ತಡೀರಿ ಮೇಡಂ. ಎಡಗೈಗೆ ಅಂದ್ರೆ ಬಟನ್ ಅದಲುಬದಲು ಮಾಡ್ಬೇಕು. ಇಲ್ಲಾಂದ್ರೆ ತೋರುಬೆರಳು ಬಲಗಡೆ ಬಟನ್ ಮೇಲೆ ಬರುತ್ತೆ, ಒತ್ತಿದ್ರೆ ಫೈಲ್ ತೆರೆಯಲ್ಲ," ಎಂದರು ಹೊಸ ಮೌಸನ್ನು ಅದಕ್ಕೆ ಜೋಡಿಸಿದ ಅಂಗಡಿಯವರು.

ಅಷ್ಟರಲ್ಲಿ ಅವಳು ಎಡಗೈಯ ತೋರುಬೆರಳು ಒತ್ತಿಯಾಗಿತ್ತು. ಫೈಲ್ ತಟ್ಟನೆ ತೆರೆದುಕೊಂಡಿತು!

ಅರೆ... ಇವನ ಲ್ಯಾಪ್‌ಟಾಪಿನಲ್ಲಿ ಬಟನ್ ಆಗಲೇ ಬದಲಾಗಿದೆ. ಇವನು ಬಲಗೈಯವನಲ್ಲವೇ?

"ಇದೇನಿದು?"

ಅವನು ತಲೆ ತಗ್ಗಿಸಿದ. "ನಿನ್ನ ಕೈಗೆ ಪ್ಲಾಸ್ಟರ್ ಹಾಕಿದಾಗಿಂದ ನಾನೂ ಎಡಗೈಲೇ ಕೆಲಸ ಮಾಡ್ತಿದ್ದೀನಿ. ನಿಂಗೆ ಎಷ್ಟು ಕಷ್ಟ ಆಗುತ್ತೋ ತಿಳ್ಕೋಬೇಕಿತ್ತು. ಹಳೇ ಮೌಸ್ ಹಿಡಿದ್ರೆ ಮಣಿಕಟ್ಟು ನೋಯುತ್ತೆ. ಸರಿಯಾದದ್ದು ಸಿಕ್ರೆ ನಿಂಗೆ ಕಳಿಸೋಣ ಅಂತ..."

"ಕಳಿಸೋಕೆ ಆಗುತ್ತೆ, ಬರೋಕೆ ಆಗಲ್ವಾ?" ಅವಳು ಮೌಸ್ ಬಿಟ್ಟು ಅವನತ್ತ ತಿರುಗಿದಳು.

"ಇನ್ನು ಈ ಕಡೆ ತಲೆ ಹಾಕ್ಬೇಡ ಅಂತ ಆಸ್ಪತ್ರೇಲಿ ನಿಮ್ಮಣ್ಣ ಅಂದ್ರು. ನೀನು ಬಿದ್ದಿದ್ದು ನನ್ನಿಂದ. ಯಾವ ಮುಖ ಇಟ್ಕೊಂಡು ಬರ್ಲಿ?"

ಅಣ್ಣ ಈ ಬಗ್ಗೆ ಅವಳೆದುರು ತುಟಿ ಬಿಚ್ಚಿರಲಿಲ್ಲ. ಸಿಟ್ಟು, ದುಃಖ ಎರಡೂ ಒಟ್ಟಿಗೆ ಉಕ್ಕಿ ಬಂದವು.

"ಅಣ್ಣ ಬೇಡ ಅಂದ, ಸರಿ. ನಾನು ಅಂದ್ನಾ? ನಿನ್ನ ಮದ್ವೆ ಆಗ್ಬೇಕಿದ್ದದ್ದು ಅವನಾ?"

ಅಂಗಡಿಯವರು ಇದ್ದಕ್ಕಿದ್ದಂತೆ ಏನೋ ಹುಡುಕಲು ಒಳಗೆ ಹೋದರು. ಪಾಪ, ಅಷ್ಟು ಹೊತ್ತು ಸುಮ್ಮನಿದ್ದದ್ದೇ ಹೆಚ್ಚು.

ಅವಳು ಜೇಬಿನಿಂದ ಬಲಗೈ ತೆಗೆದು ಗಾಜಿನ ಕೌಂಟರಿನ ಮೇಲಿಟ್ಟಳು. ಮನೆಯವರಿಂದಲೂ ಮುಚ್ಚಿಡುತ್ತಿದ್ದ ಕೈ.

"ಈ ಎರಡು ಬೆರಳು ಇನ್ನು ಮಡಚಲ್ಲ. ಡಾಕ್ಟ್ರೇ ಹೇಳಿದ್ದಾರೆ. ಈಗಲೇ ಸರಿಯಾಗಿ ನೋಡ್ಕೋ. ಆಮೇಲೆ ಓಡಿಹೋಗ್ಬೇಡ."

ಅವನು ನೋಡಿದ. ಕಣ್ಣು ತುಂಬಿ ಬಂತು. ಆ ಬೆರಳುಗಳನ್ನು ಮೆಲ್ಲಗೆ ತನ್ನ ಅಂಗೈಯೊಳಗೆ ತೆಗೆದುಕೊಂಡ.

"ನೋವಾಗುತ್ತಾ?"

"ನೀನು ಬರದೇ ಇದ್ದಾಗ ಆದಷ್ಟಲ್ಲ."

"ಇವತ್ತೇ ಮನೆಗೆ ಬರ್ತೀನಿ. ನಿಮ್ಮಣ್ಣ ಬಾಗಿಲು ಹಾಕ್ಕೊಂಡ್ರೆ..."

ಅವಳು ಅಳುತ್ತಲೇ ನಕ್ಕಳು.

"ತೆಗೆಯೋಕೆ ನಂಗೆ ಎಡಗೈ ಇದೆಯಲ್ಲ!"