ನೆಟ್ಟಗಿದ್ದ ಪಟ್ಟೆ

ಕಾರು ಕಳುವಾಗಿದೆ ಎಂದು ಆರ್ಡಿತ್ ನೊವಾಕ್ ದೂರು ಕೊಟ್ಟಳು. ನಾನು ಹೋಗಿ ನೋಡಿದರೆ ಕಾರು ಅವಳ ಗ್ಯಾರೇಜಿನಲ್ಲೇ ನಿಂತಿತ್ತು.

1970ರ ಮಸಲ್ ಕಾರು. ಕಿತ್ತಳೆ ಬಣ್ಣ, ಬಾನೆಟ್ ಮೇಲೆ ಎರಡು ಕಪ್ಪು ಪಟ್ಟೆ, ಒಳಗೆ ಲಾರಿ ಎಳೆಯುವಂಥ ಎಂಜಿನ್. ಅದರ ಮುಂದೆ ಎಂಬತ್ತು ದಾಟಿದ ಮುದುಕಿ, ಕೈಯಲ್ಲಿ ಹಿಮ ಬಾಚುವ ಸಲಿಕೆ.

"ಇದು ನಂದಲ್ಲ ಕಣೇ ಪೊಲೀಸಮ್ಮ. ನನ್ನ ಸ್ಟಾನ್‌ನ ಕಾರು ಎತ್ಕೊಂಡು ಹೋಗಿ ಈ ಬೊಂಬೇನ ತಂದಿಟ್ಟಿದಾರೆ."

"ಹೇಗೆ ಹೇಳ್ತೀರಿ?"

"ಪಟ್ಟೆ ನೆಟ್ಟಗಿದೆ."

ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಡ್ವೇನ್, ಅವಳ ಸತ್ತ ಗಂಡ ಸ್ಟಾನ್‌ನ ತಮ್ಮನ ಮಗ.

"ಕೇಳಿಸ್ಕೊಂಡ್ರಾ? ಪಟ್ಟೆ ನೆಟ್ಟಗಿದೆಯಂತೆ, ಅದಕ್ಕೆ ಕಳುವಂತೆ! ಸೋಮವಾರ ಜಡ್ಜ್ ಮುಂದೆಯೂ ಇದನ್ನೇ ಹೇಳು ದೊಡ್ಡಮ್ಮ. ನನ್ನ ಕೆಲಸ ಸಲೀಸು."

ಅವನ ಕೆಲಸವೇನೆಂದು ಊರಿಗೆಲ್ಲ ಗೊತ್ತಿತ್ತು. ದೊಡ್ಡಮ್ಮನಿಗೆ ಬುದ್ಧಿ ಸ್ಥಿಮಿತದಲ್ಲಿಲ್ಲ, ಅವಳ ಮನೆ, ಬ್ಯಾಂಕು, ಕಾರು ಎಲ್ಲ ನನ್ನ ಸುಪರ್ದಿಗೆ ಕೊಡಿ ಎಂದು ಅರ್ಜಿ ಹಾಕಿದ್ದ. ಅದು ಮಂಜೂರಾದರೆ ಆರ್ಡಿತ್ ಒಂದು ಬ್ರೆಡ್ಡು ಕೊಳ್ಳಬೇಕಾದರೂ ಇವನ ಮುಂದೆ ಕೈ ಚಾಚಬೇಕು. ಅವನ ಮುಖಕ್ಕೆ ಆ ಸಲಿಕೆಯಲ್ಲೇ ಬಾರಿಸಬೇಕೆನಿಸಿತು. ಆದರೆ ನಾನು ಕೌಂಟಿ ಪತ್ತೇದಾರಿಣಿ, ಸಂಬಳ ಅದಕ್ಕಲ್ಲ.

* * *

ಶರತ್ಕಾಲದಲ್ಲಿ ಕಾರ್ಬ್ಯುರೇಟರ್ ರಿಪೇರಿಗೆಂದು ಕಾರು ಎರಡು ತಿಂಗಳು ರಸ್ ಟೆಲ್ಫರ್ ವರ್ಕ್‌ಶಾಪಿನಲ್ಲಿತ್ತು. ವಾಪಸ್ ಬಂದದ್ದು ಹಿಂದಿನ ದಿನವಷ್ಟೇ. ಟೆಲ್ಫರ್ ಎಂದರೆ ಈ ಹಳೆ ಕಾರುಗಳ ಹುಚ್ಚರಿಗೆ ದೇವರು. ಪ್ರದರ್ಶನಗಳಲ್ಲಿ ಅಂಕ ಹಾಕುವವನು ಅವನೇ. ಅಸಲಿ, ನಕಲಿ ಎಂದು ಹೇಳುವವನೂ ಅವನೇ.

"ನಂಬರಿನ ತಗಡು ಸರಿ. ಎಂಜಿನ್ ನಂಬರೂ ಸರಿ," ಎಂದ. ನನ್ನ ಬೂಟಿನ ಹಿಮ ಅವನ ನೆಲದ ಮೇಲೆ ಕರಗುವುದನ್ನೇ ನೋಡುತ್ತಿದ್ದ. "ಮುದುಕಿಗೆ ಅರಳು ಮರಳು. ಸುಮ್ನೆ ನಿಮ್ಮ ಟೈಮೂ ಹಾಳು, ನನ್ನ ಟೈಮೂ ಹಾಳು."

"ಅಸಲಿ ಆದ್ರೆ ಎಷ್ಟು?"

"ಎರಡೂವರೆ ಲಕ್ಷ ಡಾಲರ್. ಬಣ್ಣ ಒಂದೇ ಒಂದು ಸಲ ಮತ್ತೆ ಬಳಿದಿದ್ರೂ ಅರ್ಧ ಬೆಲೆ. ಕಾರನ್ನ ಎಷ್ಟು ಸಲ ಬೇಕಾದ್ರೂ ಹೊಸದು ಮಾಡ್ಬಹುದು ಮೇಡಂ. ಅಸಲಿ ಆಗಿರೋದು ಒಂದೇ ಸಲ."

ನನ್ನ ಅನುಮಾನ ಡ್ವೇನ್ ಮೇಲಿತ್ತು. ಗ್ಯಾರೇಜಿನ ಕೀಲಿ ಅವನ ಹತ್ತಿರವೂ ಇತ್ತು. ಅವನ ಮನೆಗೆ ಹೋದರೆ ಬಾಗಿಲಲ್ಲೇ ಹರಿಹಾಯ್ದ.

"ಸೋಮವಾರ ಬಿಟ್ಟಿ ಸಿಗೋ ಕಾರನ್ನ ಶುಕ್ರವಾರ ಕದಿಯೋಕೆ ನನಗೇನು ಹುಚ್ಚಾ? ಜುಲೈನಲ್ಲೇ ಮಾರಾಟದ ಜಾಹೀರಾತಿಗೆ ಫೋಟೋ ತೆಗೆದಿಟ್ಟಿದೀನಿ. ನೋಡಿ!"

ಮೊಬೈಲನ್ನು ನನ್ನ ಮೂಗಿಗೆ ಹಿಡಿದ. ಕಾರಿಗೆ ಒರಗಿಕೊಂಡು ಹಲ್ಲು ಕಿರಿಯುತ್ತಿದ್ದ ಡ್ವೇನ್. ಅವನ ಮಾತಿನಲ್ಲಿ ನ್ಯಾಯವಿತ್ತು, ಒಪ್ಪಲು ಮಾತ್ರ ಮನಸ್ಸಾಗಲಿಲ್ಲ. ಆಮೇಲೆ ಫೋಟೋದಲ್ಲಿ ಅವನನ್ನು ಬಿಟ್ಟು ಬಾನೆಟ್ ನೋಡಿದೆ.

"ಇದನ್ನ ನನಗೆ ಕಳಿಸು. ಈಗಲೇ," ಎಂದೆ.

* * *

ಶನಿವಾರ ಎಲ್ಲರನ್ನೂ ಆರ್ಡಿತ್‌ಳ ಗ್ಯಾರೇಜಿಗೆ ಕರೆಸಿದೆ. ಟೆಲ್ಫರ್ ಮುಖ ಸಿಂಡರಿಸಿಕೊಂಡೇ ಬಂದ.

"ಒಂದೇ ಪ್ರಶ್ನೆ. ಈ ಬಾನೆಟ್ ಬಣ್ಣ, ಪಟ್ಟೆ, ಕಾರ್ಖಾನೇದೇನಾ?"

"ಕಾರ್ಖಾನೇದೇ. ಯಾರೂ ಮುಟ್ಟಿಲ್ಲ."

"ನೀವೂ?"

"ನಾನು ಅಸಲಿ ಬಣ್ಣ ಮುಟ್ಟೋನಲ್ಲ! ಬೇಕಾದ್ರೆ ಬರೆದು ಕೊಡ್ತೀನಿ."

"ಬೇಡ, ಇಲ್ಲಿರೋರೆಲ್ಲ ಕೇಳಿಸ್ಕೊಂಡ್ರು." ಫೋಟೋ ಮುಂದೆ ಹಿಡಿದೆ. "ಇದು ಜುಲೈನದು. ಎಡಗಡೆ ಪಟ್ಟೆ ಮೇಲೆ ಹೋಗ್ತಾ ಹೋಗ್ತಾ ಹೆಬ್ಬೆರಳಗಲ ಆಚೆ ವಾಲಿದೆ. ಈ ಕಾರಲ್ಲಿ ನೋಡಿ, ನೂಲು ಹಿಡಿದ ಹಾಗಿದೆ. ಮಧ್ಯೆ ಕಾರು ಹೋಗಿದ್ದು ನಿಮ್ಮ ವರ್ಕ್‌ಶಾಪಿಗೆ ಮಾತ್ರ. ಯಾರೂ ಬಣ್ಣ ಮುಟ್ಟಿಲ್ಲ ಅಂದ್ರೆ ಇದು ಆ ಕಾರಲ್ಲ. ಇದೇ ಆ ಕಾರು ಅಂದ್ರೆ ಬಣ್ಣ ಮುಟ್ಟಿದೀರಿ. ಯಾವ ಸುಳ್ಳು ಇಟ್ಕೋತೀರಿ?"

ಟೆಲ್ಫರ್ ಫೋಟೋ ಮೇಲೆ ಬೆರಳು ಕುಟ್ಟಿದ. "ಅಷ್ಟು ವಕ್ರ ಪಟ್ಟೇನ ಯಾವ ಕಾರ್ಖಾನೇನೂ ಹೊರಗೆ ಬಿಡಲ್ಲ!"

"ಕಾರ್ಖಾನೆ ಅಂದ್ರೆ ನನ್ನ ಗಂಡ ಕಣೋ!" ಆರ್ಡಿತ್ ಗುಡುಗಿದಳು. "ಸೋಮವಾರ ಬೆಳಿಗ್ಗೆ, ರಾತ್ರಿ ಕುಡಿದದ್ದು ಇಳಿಯದೆ, ಕಾರ್ಖಾನೆ ಲೈನಲ್ಲಿ ನಿಂತು ಬಳಿದ ಪಟ್ಟೆ ಅದು. ನಾಚಿಕೆಗೆ ಆ ಕಾರನ್ನೇ ಕೊಂಡ. ಸಾಯೋವರೆಗೂ ಅದನ್ನ ಆಡ್ಕೊಂಡು ನಕ್ಕಿದೀನಿ. ನನಗೆ ಗೊತ್ತಾಗಲ್ವಾ?"

ಅಸಲಿ ಕಾರು ಟೆಲ್ಫರ್ ವರ್ಕ್‌ಶಾಪಿನ ಹಿಂದೆ, ಮುಚ್ಚಿದ ಟ್ರೇಲರಿನಲ್ಲಿ ಸಿಕ್ಕಿತು. ಪ್ರದರ್ಶನಕ್ಕಿಡದೆ ಬಚ್ಚಿಡುವ ಸಿರಿವಂತನೊಬ್ಬನ ಜೊತೆ ಮಾರಾಟದ ಮಾತುಕತೆ ಮುಗಿದಿತ್ತು. ಸಾಧಾರಣ ಕಾರೊಂದನ್ನು ತಂದು, ಅದಕ್ಕೆ ಕಳ್ಳ ನಂಬರು ಹೊಡೆದು, ಮುದುಕಿಯ ಗ್ಯಾರೇಜಿನಲ್ಲಿ ನಿಲ್ಲಿಸಿದ್ದ. ನಂಬರು ಸರಿ ಎಂದು ಸಾಕ್ಷಿ ಹೇಳಿದವನೂ ಅವನೇ. ಬೇಲಿಯೇ ಎದ್ದು ಹೊಲ ಮೇಯ್ದಿತ್ತು.

ಬೇರೆ ಕಳ್ಳನಾಗಿದ್ದರೆ ವಕ್ರವನ್ನೂ ನಕಲು ಮಾಡುತ್ತಿದ್ದ. ಟೆಲ್ಫರ್ ಕೈಲಾಗಲಿಲ್ಲ. ವಕ್ರ ಪಟ್ಟೆ ಕಂಡಲ್ಲೆಲ್ಲ ಅಂಕ ಕತ್ತರಿಸಿದ ಕೈ ಅದು. ನೆಟ್ಟಗೆಳೆಯದೆ ಇರಲಾಗಲಿಲ್ಲ. ಕೈಗೆ ಕೋಳ ಬಿದ್ದ ಮೇಲೂ, "ಆ ಪಟ್ಟೆ ತಪ್ಪು, ತಪ್ಪು," ಎಂದೇ ಗೊಣಗುತ್ತಿದ್ದ.

* * *

ಬೇಕಾದ ಚಿತ್ರ, ಅಳತೆ ತೆಗೆದುಕೊಂಡು ಭಾನುವಾರ ಕಾರನ್ನು ಆರ್ಡಿತ್‌ಗೆ ಒಪ್ಪಿಸಿದೆವು. ಆ ರಾತ್ರಿ ಹಿಮ ಸುರಿಯಿತು. ಬೆಳಗಾಗುವಷ್ಟರಲ್ಲಿ ಹಿಮ ಕರಗಲೆಂದು ರಸ್ತೆಗೆಲ್ಲ ಉಪ್ಪು ಎರಚಿದ್ದರು.

ಡ್ವೇನ್ ಕೋರ್ಟಿನ ಮೆಟ್ಟಿಲ ಮೇಲೆ ವಕೀಲನ ಜೊತೆ ನಿಂತಿದ್ದ. ಮೊದಲು ಎಂಜಿನ್ನಿನ ಗರ್ಜನೆ ಕೇಳಿತು. ಆಮೇಲೆ ಕಿಟಕಿಯವರೆಗೂ ಕೆಸರು ಮೆತ್ತಿದ ಕಿತ್ತಳೆ ಕಾರು ಬಂದು ನಿಂತಿತು.

"ದೊಡ್ಡಮ್ಮಾ! ಉಪ್ಪು! ತುಕ್ಕು ಹಿಡಿಯುತ್ತೆ!"

"ಹಿಡೀಲಿ."

"ಬೆಲೆ ಹಾಳಾಗುತ್ತೆ!"

"ಯಾರಿಗೆ?" ಎಂದು ಕೇಳಿ ಅವಳು ಒಳಗೆ ನಡೆದಳು.

ಜಡ್ಜ್ ನನ್ನ ವರದಿ ಓದಿ, ಕನ್ನಡಕದ ಮೇಲಿಂದ ಆರ್ಡಿತ್‌ಳನ್ನು ನೋಡಿದರು. "ಈ ಹಿಮದಲ್ಲಿ ನಿಮ್ಮನ್ನ ಯಾರು ಕರ್ಕೊಂಡು ಬಂದ್ರು?"

"ನಾನೇ ಓಡಿಸ್ಕೊಂಡು ಬಂದೆ. ಇನ್ಯಾರು ಬರ್ತಾರೆ?"

ಅರ್ಜಿ ವಜಾ ಆಯಿತು.

ಹೊರಗೆ ಬಂದು ಅವಳು ಡ್ವೇನ್ ಮುಂದೆ ಅಂಗೈ ಚಾಚಿದಳು. "ಗ್ಯಾರೇಜ್ ಕೀಲಿ."

ಅವನು ನನ್ನ ಮುಖ ನೋಡಿದ. ನಾನು ಬೇರೆ ಕಡೆ ನೋಡಿದೆ. ಕೀಲಿ ಅವಳ ಕೈಗೆ ಬಿತ್ತು.

"ಈಗ ಆಚೆ ಸರಿ. ಕೆಸರು ಹಾರುತ್ತೆ," ಎಂದು ಆರ್ಡಿತ್ ಕಾರು ಹತ್ತಿದಳು. ಅವನು ಸರಿಯುವವರೆಗೆ ಕಾಯಲಿಲ್ಲ.